ಸೀಟು ಹಿಡಿದು ಕರೋಲ್‌ಬಾಗಿಗೆ ಹೋದ ಶನಿವಾರಗಳು

ಕಳೆದ ತಿಂಗಳು ಮೆಟ್ರೋದಲ್ಲಿ ಒಬ್ಬ ಯುವಕ ನನ್ನ ಪಕ್ಕದಲ್ಲಿ ಬಂದು ಕೂತ. ಅವನ ತೊಡೆಯ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೈಕಿನ ಸೀಟಿತ್ತು, ಆಗಷ್ಟೇ ಹೊಲಿಸಿದ್ದು. ಹೊಸ ರೆಕ್ಸಿನ್ನಿನ ವಾಸನೆ, ಅದರ ಒಳಗಿನಿಂದ ಫೋಮಿಗೆ ಬಳಿದ ಅಂಟಿನ ತಲೆಗೇರುವ ವಾಸನೆ... ನಾನು ಇಳಿಯಬೇಕಾದ ನಿಲ್ದಾಣ ಬಂತು. ಬಾಗಿಲು ತೆರೆದು ಮುಚ್ಚಿಕೊಂಡಿತು. ನಾನು ಕೂತೇ ಇದ್ದೆ. ಎದುರುಮನೆ ಅಂಕಲ್ ನೆನಪಾಗಿದ್ದರು.

ಅವರು ಕೊಡಗಿನವರು, ಸೈನ್ಯದಲ್ಲಿದ್ದು ನಿವೃತ್ತರಾದವರು. ರಾಜಧಾನಿಯ ಕಿದ್ವಾಯಿ ನಗರದ ನಮ್ಮ ಸರ್ಕಾರಿ ವಸತಿಯಲ್ಲಿ, ನಮ್ಮ ಬಾಗಿಲಿಗೆ ಎದುರಾಗಿದ್ದ ಮನೆಯಲ್ಲಿ ಮಗಳ ಜೊತೆ ಇದ್ದರು. ಮಗಳು ನನ್ನ ಹಾಗೆಯೇ ಕೇಂದ್ರ ಸರ್ಕಾರದ ನೌಕರಿಯವಳು, ಬೇರೆ ಇಲಾಖೆ. ಅವರ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಲಿಫ್ಟಿನಲ್ಲಿ ಸಿಕ್ಕರೆ "ಏನಮ್ಮ, ಆಫೀಸಾ?" ಎನ್ನುವುದು, ಹಬ್ಬಕ್ಕೆ ಡಬ್ಬಿ ಕೊಡುವುದು, ಅಷ್ಟೇ ನಮ್ಮ ಪರಿಚಯ. ಅದು ಬೆಳೆದದ್ದು ನನ್ನ ಗಂಡ ಹೋದ ಮೇಲೆ.

ಅವನು ಗುರುಗ್ರಾಮದ ಒಂದು ಕಂಪನಿಯಲ್ಲಿದ್ದ. ಒಂದು ಮಧ್ಯಾಹ್ನ ಊಟ ಮುಗಿಸಿ ಮೇಜಿಗೆ ಬಂದವನು ಕುರ್ಚಿಯಲ್ಲೇ ಒರಗಿದನಂತೆ. ಆಸ್ಪತ್ರೆಗೆ ನಾನು ತಲುಪುವ ಮೊದಲೇ ಎಲ್ಲ ಆಗಿಹೋಗಿತ್ತು. ನಾನು ಅಳಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತ ಅದಕ್ಕಾಗಿ ಕಾದರು, ನಾನೂ ಕಾದೆ. ಬರಲಿಲ್ಲ. ಅಮ್ಮ ದಾವಣಗೆರೆಯಿಂದ ಬಂದಿದ್ದಳು. ತಟ್ಟೆ ಇಟ್ಟರೆ ತಿನ್ನುತ್ತಿದ್ದೆ, ಸೀರೆ ತೆಗೆದಿಟ್ಟರೆ ಉಡುತ್ತಿದ್ದೆ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಶೋರೂಮಿನಿಂದ ಫೋನ್ ಬಂತು. "ಬಧಾಯೀ ಹೋ ಮೇಡಂ, ಗಾಡಿ ಆ ಗಯೀ!" ಅವನು ಬುಕ್ ಮಾಡಿ ತಿಂಗಳುಗಟ್ಟಲೆ ಕಾದಿದ್ದ ಬೈಕು ಬಂದಿತ್ತು. ದೂರದ ಪ್ರಯಾಣಕ್ಕೆಂದೇ ಮಾಡಿದ್ದು, ಎತ್ತರದ್ದು. ರಾತ್ರಿ ಊಟದ ಹೊತ್ತಿಗೆ ಮೊಬೈಲಿನಲ್ಲಿ ಅದರ ವಿಡಿಯೋಗಳನ್ನೇ ನೋಡುತ್ತಿದ್ದ. ಅದಕ್ಕೆ ಎಂಥ ಪೆಟ್ಟಿಗೆ ಕಟ್ಟಿಸಬೇಕು, ಯಾವ ದೀಪ ಹಾಕಿಸಬೇಕು ಎಂದು ನನ್ನನ್ನು ಕೇಳುತ್ತಿದ್ದ. ಹಿಂದಿನ ಸೀಟಿಗೆ ಬೆನ್ನೊರಗು ಹಾಕಿಸೋಣ, ಅಷ್ಟು ದೂರದ ಬೆಟ್ಟ ಹತ್ತಿ ಸ್ಪಿತಿಯವರೆಗೆ ನಿನ್ನ ಸೊಂಟ ಉಳಿಯಬೇಕಲ್ಲ ಎನ್ನುತ್ತಿದ್ದ.

"ಬೇಡ ಅಂದುಬಿಡು, ವಾಪಸ್ ಮಾಡಿಕೊಳ್ಳಲಿ" ಎಂದಳು ಅಮ್ಮ. ಆಗಲಿ ಎಂದೆ. ಅಂಕಲ್ ಅಂದು ನಮ್ಮ ಹಾಲ್‌ನಲ್ಲಿ ಕೂತಿದ್ದರು. ನನ್ನ ಕಡೆ ತಿರುಗಿ, "ನಿನಗೆ ಗೇರ್ ಗಾಡಿ ಬರುತ್ತಾಮ್ಮ?" ಎಂದು ಕೇಳಿದರು. ಬರುತ್ತಿತ್ತು. ಕಾಲೇಜಿನ ದಿನಗಳಲ್ಲಿ ಅಪ್ಪನ ಬೈಕು ಓಡಿಸುತ್ತಿದ್ದೆ. ಹಾಗೆಂದೆ.

"ಹಾಗಾದ್ರೆ ಮನೆಗೆ ಬರಲಿ. ವಾಪಸ್ ಕೊಡೋದನ್ನ ಆಮೇಲೂ ಯೋಚನೆ ಮಾಡಬಹುದು."

ಅದಕ್ಕೂ ಆಗಲಿ ಎಂದೆ. ಆ ದಿನಗಳಲ್ಲಿ ಯಾರು ಏನೆಂದರೂ ಆಗಲಿ ಎನ್ನುತ್ತಿದ್ದೆ.

ಶೋರೂಮಿನವರು ತಂದು ಕೆಳಗಿನ ಪಾರ್ಕಿಂಗಿನಲ್ಲಿ ನಿಲ್ಲಿಸಿ ಹೋದರು. ಅಂಕಲ್ ಒತ್ತಾಯಕ್ಕೆ ಹತ್ತಿ ಕೂತೆ. ಅವನು ಆರಡಿ ಎತ್ತರದವನು, ನಾನು ಅವನ ಭುಜಕ್ಕೂ ಬರುತ್ತಿರಲಿಲ್ಲ. ಎರಡೂ ಕಾಲು ಗಾಳಿಯಲ್ಲಿ ನೇತಾಡಿದವು. ಅಂಕಲ್ ಹ್ಯಾಂಡಲ್ ಹಿಡಿದು ನಿಂತಿದ್ದವರು, "ಸೀಟು ತಗ್ಗಿಸಬೇಕು. ಕರೋಲ್‌ಬಾಗಿನಲ್ಲಿ ಮಾಡ್ತಾರಂತೆ" ಎಂದರು. ಅವರಿಗೂ ಇದರಲ್ಲಿ ಹೆಚ್ಚೇನೂ ಗೊತ್ತಿರಲಿಲ್ಲ. ಸೈನ್ಯದಲ್ಲಿ ಅವರದು ವೈರ್‌ಲೆಸ್ ವಿಭಾಗ, ಸ್ಕೂಟರು ಬಿಟ್ಟರೆ ಬೇರೆ ಗಾಡಿ ಓಡಿಸಿದವರೇ ಅಲ್ಲ.

ಅಮ್ಮ ಊರಿಗೆ ಮರಳಿದ ಮೇಲಿನ ಶನಿವಾರ ಸೀಟನ್ನು ಮಾತ್ರ ಬಿಚ್ಚಿಕೊಂಡು ಇಬ್ಬರೂ ಮೆಟ್ರೋ ಹತ್ತಿದೆವು. ಕರೋಲ್‌ಬಾಗಿನ ಆ ಗಲ್ಲಿಯ ತುಂಬ ಬೈಕಿನ ಅಂಗಡಿಗಳೇ. ಸೀಟಿನವನು ಅಂಥದ್ದೇ ಇನ್ನೊಂದು ಬೈಕಿನ ಮೇಲೆ ನನ್ನನ್ನು ಕೂರಿಸಿ, ಫೋಮನ್ನು ಎಲ್ಲಿಯವರೆಗೆ ಕತ್ತರಿಸಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದ. ಆಮೇಲೆ ರೆಕ್ಸಿನ್ನಿನ ಸುರುಳಿಗಳನ್ನು ಮುಂದೆ ಹಾಕಿದ. ಕಪ್ಪು, ಕಂದು, ಬೂದು. ಸಾದಾ ಹೊಲಿಗೆ, ಗೀರುಗೀರಿನ ಹೊಲಿಗೆ.

"ಯಾವುದು ಬೇಕು?" ಎಂದರು ಅಂಕಲ್.

"ಯಾವುದಾದರೂ ಸರಿ."

ಅವರು ಸೀಟನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡರು. "ಹಾಗಾದ್ರೆ ಇವತ್ತು ಬೇಡ. ಚಲೋ."

ನನಗೆ ಆಶ್ಚರ್ಯವೂ ಆಗಲಿಲ್ಲ. ಸೀಟು ಹೊತ್ತುಕೊಂಡು ವಾಪಸ್ ಬಂದೆವು. ಮುಂದಿನ ಶನಿವಾರ ಮತ್ತೆ ಗಂಟೆ ಒತ್ತಿದರು, ಮತ್ತೆ ಹೋದೆವು. ಅದೇ ಸುರುಳಿಗಳು, ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಸಲವೋ ನಾಲ್ಕನೆಯ ಸಲವೋ ಅಂಗಡಿಯವನಿಗೆ ರೇಗಿತು. "ಅಂಕಲ್‌ಜೀ, ಸೀಟ್ ಕೋ ಘುಮಾನೇ ಲಾತೇ ಹೋ ಕ್ಯಾ?" ಸೀಟಿಗೆ ಊರು ತೋರಿಸಲು ಕರೆತರುತ್ತೀರಾ ಎಂದು ಕೇಳಿದ್ದ. ಅಂಕಲ್ ನಕ್ಕರು, ನಾನು ನಗಲಿಲ್ಲ. ಕಪ್ಪು, ಸಾದಾ ಹೊಲಿಗೆ ಎಂದೆ.

"ಬೇಕು ಅಂತ ಹೇಳಿದ್ಯಾ, ಮುಗಿದರೆ ಸಾಕು ಅಂತ ಹೇಳಿದ್ಯಾ?"

"ಗೊತ್ತಿಲ್ಲ ಅಂಕಲ್."

 "ಸರಿ. ಸುಳ್ಳಂತೂ ಹೇಳಲಿಲ್ಲ" ಎಂದು ಅವರು ಅಂಗಡಿಯವನಿಗೆ ತಲೆಯಾಡಿಸಿದರು.

ಸೀಟು ತಯಾರಾಗುವವರೆಗೆ ಬೀದಿಬದಿಯ ಬೆಂಚಿನಲ್ಲಿ ಚಹಾ ಕುಡಿದೆವು. ಆಗ ಅವರು ತಮ್ಮ ಅಂಗಿಯ ತೋಳನ್ನು ತೋರಿಸಿದರು. ತಿಳಿ ಗುಲಾಬಿ ಬಣ್ಣದ, ಇಸ್ತ್ರಿ ಮಾಡಿದ ಅಂಗಿ. "ಇದು ಮಗಳು ತಂದದ್ದು. ಅವಳ ಅಮ್ಮ ಹೋದಾಗ ನನಗೂ ಹೀಗೇ ಆಗಿತ್ತು. ಏನು ಕೇಳಿದರೂ ಯಾವುದಾದರೂ ಸರಿ ಅಂತಿದ್ದೆ. ಪಾಪ, ಅವಳೇ ಎಲ್ಲಾ ಆರಿಸಿದಳು. ಅಂಗಿ, ಮಂಚ, ಊಟ, ನಾನು ಯಾವ ಊರಲ್ಲಿರಬೇಕು ಅನ್ನೋದನ್ನೂ. ಈಗ ನಿಮಗೇನಿಷ್ಟ ಅಂತ ಯಾರಾದರೂ ಕೇಳಿದರೆ ನಿಜವಾಗಿ ಗೊತ್ತಾಗಲ್ಲಮ್ಮ. ಹುಡುಕಿ ನೋಡ್ತೀನಿ, ಒಳಗೆ ಏನೂ ಇಲ್ಲ." ಲೋಟ ಕೆಳಗಿಟ್ಟರು. "ನಿನಗಿನ್ನೂ ವಯಸ್ಸಿದೆ."

ನಾನು ಉಳಿದ ಚಹಾ ಕುಡಿದು ಮುಗಿಸಿದೆ. 

ಸೀಟು ತಗ್ಗಿದ ಮೇಲೆ ಹೆಬ್ಬೆರಳ ತುದಿಗಳಾದರೂ ನೆಲಕ್ಕೆ ತಾಗಿದವು. ಬೆಳಗಿನ ಹೊತ್ತು ಕಾಲೋನಿಯ ಒಳರಸ್ತೆಗಳಲ್ಲಿ ಓಡಿಸಿ ಅಭ್ಯಾಸ ಮಾಡಿಕೊಂಡೆ. ಅಂಕಲ್ ಫುಟ್‌ಪಾತಿನಲ್ಲಿ ವಾಕಿಂಗ್ ಮಾಡುತ್ತ ನೋಡುತ್ತಿದ್ದರು. ಒಂದೆರಡು ಸಲ ಬೀಳಿಸಿದೆ. ವಾಚ್‌ಮನ್ ಭಯ್ಯಾನೂ ಅಂಕಲ್ಲೂ ಸೇರಿ ಎತ್ತಿದರು. ಎಂಜಿನ್ನಿಗೆ ಪೆಟ್ಟಾಗದಂತೆ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಲೇಬೇಕೆಂದು ಅವತ್ತೇ ತೀರ್ಮಾನವಾಯಿತು.

ಅದನ್ನು ಹಾಕಿಸಲು ಹೋದ ದಿನ ಅಂಕಲ್ಲಿಗೆ ಒಂದು ಎತ್ತರದ ಗಾಳಿತಡೆ ಕಣ್ಣಿಗೆ ಬಿತ್ತು. ಹೆಡ್‌ಲೈಟಿನ ಮೇಲೆ ನಿಲ್ಲಿಸುವ ಪಾರದರ್ಶಕ ಹಲಗೆ. ಇದಿದ್ದರೆ ಹೈವೇಯಲ್ಲಿ ಎದೆಗೆ ಗಾಳಿ ಹೊಡೆಯುವುದಿಲ್ಲ, ಚಳಿ ತಾಗುವುದಿಲ್ಲ ಎಂದು ಅಂಗಡಿಯವನಿಗಿಂತ ಹೆಚ್ಚಾಗಿ ಅವರೇ ಹೊಗಳಿದರು. ಆಗಲಿ ಎಂದೆ. ಅಂದು ಅವರೂ ಉತ್ಸಾಹದಲ್ಲಿ ತಮ್ಮ ನಿಯಮ ಮರೆತರು. ಹಾಕಿಸಿಕೊಂಡು ಹೊರಟೆವು, ನಾನು ಬೈಕಿನಲ್ಲಿ, ಅವರು ಹಿಂದಿನಿಂದ ಆಟೋದಲ್ಲಿ. ಎತ್ತರದವರಿಗಾಗಿ ಮಾಡಿದ್ದ ಆ ಹಲಗೆಯ ಮೇಲಂಚು ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು. ರಸ್ತೆ ಎರಡು ತುಂಡಾಗಿ ಕಾಣುತ್ತಿತ್ತು. ಗಲ್ಲಿಯ ತುದಿಯವರೆಗೂ ಹೋಗದೆ ತಿರುಗಿಸಿಕೊಂಡು ಬಂದೆ.

"ತೆಗೀರಿ ಇದನ್ನ. ನನಗೆ ಬೇಡ" ಎಂದೆ. ಧ್ವನಿ ನನಗೇ ಜೋರಾಗಿ ಕೇಳಿಸಿತು. "ಗಿಡ್ಡದ್ದು ಬೇಕು. ಇಲ್ಲದಿದ್ದರೆ ಬೇಡವೇ ಬೇಡ."

ಆಟೋದಿಂದ ಇಳಿಯುತ್ತಿದ್ದ ಅಂಕಲ್ ಅಲ್ಲೇ ನಿಂತರು. "ಅಚ್ಛಾ!" ಎಂದರು. "ಬೇಡ ಅಂದ್ಯಾ? ಬೇಕು ಅಂತಾನೂ ಅಂದ್ಯಾ?" ಇಡೀ ಗಲ್ಲಿ ತಿರುಗಿ ನೋಡುವಂತೆ ನಕ್ಕರು. ತಮ್ಮ ಆಯ್ಕೆ ಸೋತದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ. ನನ್ನೊಳಗೇನೂ ಕರಗಲಿಲ್ಲ. ಆದರೆ ಬೇಡ ಎಂದದ್ದು ನಾನೇ ಎಂಬುದು ಸ್ಪಷ್ಟವಾಗಿ ಗೊತ್ತಿತ್ತು.

ಗಿಡ್ಡ ಹಲಗೆ ಕೂರಿಸುತ್ತ ಅಂಗಡಿಯವನು ಸಹಜವಾಗಿ, ಮೇಡಂ ಒಬ್ಬರೇ ಓಡಿಸುವುದಾದರೆ ಹಿಂದಿನ ಸೀಟು ತೆಗೆದು ಲಗೇಜಿನ ತಟ್ಟೆ ಹಾಕಿಬಿಡಲೇ ಎಂದು ಹಿಂದಿಯಲ್ಲಿ ಕೇಳಿದ. ಅಂಕಲ್ ಬೇರೆಡೆ ನೋಡಿದರು. ಉತ್ತರಕ್ಕಾಗಿ ಅವರು ನನ್ನ ಮುಖ ನೋಡದೇ ಇದ್ದದ್ದು ಅದೊಂದೇ ಸಲ. ನಾನು ಆ ಸೀಟಿನ ಮೇಲೆ ಕೈಯಿಟ್ಟೆ. ಬಿಸಿಲಿಗೆ ಕಾದಿತ್ತು.

"ರೆಹನೇ ದೋ ಭಯ್ಯಾ" ಎಂದೆ. ಇರಲಿ.

ಅದರಲ್ಲಿ ಮೊದಲು ಕೂತವರು ಅಂಕಲ್ಲೇ. ಒಂದು ಭಾನುವಾರ ಬೆಳಿಗ್ಗೆ ಮಫ್ಲರು ಸುತ್ತಿ, ಹೆಲ್ಮೆಟ್ ಹಾಕಿಕೊಂಡು, ನನ್ನ ಭುಜ ಹಿಡಿದು ಕಷ್ಟಪಟ್ಟು ಹತ್ತಿದರು. ಸೂರಜ್‌ಕುಂಡದ ಕಡೆಗೆ ಹೋದೆವು. ಎರಡು ಯುದ್ಧದ ಕಥೆ ಹೇಳುವ ಮನುಷ್ಯ ದಾರಿಯುದ್ದಕ್ಕೂ ಉಸಿರೆತ್ತಲಿಲ್ಲ. ಇಳಿದ ಮೇಲೆ ನೋಡಿದರೆ, ಹಿಂದಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು ಹಿಡಿದು ಅವರ ಅಂಗೈ ಕೆಂಪಾಗಿತ್ತು. "ಚೆನ್ನಾಗಿ ಓಡಿಸ್ತೀಯ. ಇನ್ನು ಮೇಲೆ ನಾನು ಬರಲ್ಲ" ಎಂದರು.

ಮರುವರ್ಷ ಮಗಳಿಗೆ ಚಂಡೀಗಢಕ್ಕೆ ವರ್ಗವಾಯಿತು. ಅವರೂ ಹೋದರು. ಆಗಾಗ ಫೋನ್ ಮಾಡುತ್ತಿದ್ದರು. "ಎಲ್ಲಿವರೆಗೆ ಹೋದೆ?" ಅದೊಂದೇ ಪ್ರಶ್ನೆ. ಆಫೀಸಿನವರೆಗೆ ಅಂಕಲ್. ಹೌಜ್ ಖಾಸ್‌ವರೆಗೆ ಅಂಕಲ್. ಒಮ್ಮೆ ಮುರ್ಥಲ್‌ವರೆಗೆ ಹೋಗಿ ಪರಾಠ ತಿಂದು ಬಂದೆ ಎಂದಾಗ, "ನಮ್ಮನೆಗೆ ಬರೋ ದಾರೀಲಿ ಅದು ಅರ್ಧ ಕೂಡ ಆಗಲ್ಲವಲ್ಲ" ಎಂದಿದ್ದರು.

ಫೆಬ್ರುವರಿಯ ಒಂದು ಬೆಳಿಗ್ಗೆ ಅವರ ಮಗಳ ಫೋನ್ ಬಂತು. ಅಂಕಲ್ ನಿದ್ದೆಯಲ್ಲೇ ಹೋಗಿದ್ದರು. ಸಹೋದ್ಯೋಗಿಯೊಬ್ಬರು ಕಾರಿದೆ, ಬಿಡುತ್ತೇನೆ ಎಂದರು. ಇನ್ನೊಬ್ಬರು ರೈಲಿನ ಸಮಯ ಹೇಳಿದರು. ಬೇಡ, ಬೈಕಿನಲ್ಲಿ ಹೋಗುತ್ತೇನೆ ಎಂದೆ. ಪಾಣಿಪತ್, ಕರ್ನಾಲ್, ಅಂಬಾಲಾ... ಎರಡೂ ಕಡೆ ಸಾಸಿವೆ ಹೂ ಬಿಟ್ಟಿತ್ತು. ನೋಡಿದೆ, ದಾಟಿದೆ. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿಸಿಕೊಂಡು ಬಂದಿದ್ದರು. ಮಗಳು ಗೇಟಿನ ಬಳಿ ನಿಂತಿದ್ದಳು. ಬೈಕನ್ನೂ ನನ್ನನ್ನೂ ನೋಡಿದಳು.

"ಅಪ್ಪ ಮೊನ್ನೆ ಕೂಡ ಕೇಳ್ತಿದ್ರು ಅಕ್ಕ. ಆ ಹುಡುಗಿ ಎಲ್ಲಿವರೆಗೆ ಹೋದಳಂತೆ ಅಂತ."

ಇಲ್ಲಿವರೆಗೆ ಬಂದೆ ಎಂದೆ. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದೆ. ಆಗಲೂ ನನಗೆ ಅಳು ಬರಲಿಲ್ಲ.

ಈಗ ಎದುರುಮನೆಯಲ್ಲಿ ಒಡಿಶಾದ ಒಂದು ಕುಟುಂಬವಿದೆ. ಒಳ್ಳೆಯ ಜನ. ನಾನು ಸ್ಪಿತಿಗೂ ಹೋಗಿ ಬಂದಿದ್ದೇನೆ, ಇನ್ನೂ ಕೆಲವು ಕಡೆಗೂ. ಎಲ್ಲಿಗೆ ಹೋದರೂ ತಲುಪಿದ ಮೇಲೆ ಬೈಕು ನಿಲ್ಲಿಸಿ, ಗ್ಲೌಸ್ ಕಳಚಿ, ಫೋನ್ ಕೈಗೆತ್ತಿಕೊಂಡು ಅಂಕಲ್ ನಂಬರು ತೆಗೆಯುತ್ತೇನೆ. ಪರದೆ ತಾನಾಗಿ ಆರುವವರೆಗೆ ಹಿಡಿದುಕೊಂಡಿದ್ದು, ಮತ್ತೆ ಜೇಬಿಗೆ ಹಾಕುತ್ತೇನೆ.