ಗುಳಿ ತೋಡುವ ಚಿಕ್ಕಮ್ಮ

ನಮ್ಮ ಮರಗೆಲಸದ ಅಂಗಡಿಯಲ್ಲಿ ಸ್ಟೂಲಿನ ನಡುವೆ ತೋಡುವ ತಗ್ಗಿಗೆ ಗುಳಿ ಎನ್ನುತ್ತಾರೆ. ಅದನ್ನು ತೋಡುತ್ತಿದ್ದವಳು ಚಿಕ್ಕಮ್ಮ ಒಬ್ಬಳೇ. ಚಿಕ್ಕಪ್ಪ ತೀರಿಕೊಂಡ ಮೇಲೆ ಅವನ ಬಾಗಿದ ಉಳಿ ಹಿಡಿದು ಕೂತವಳು, ಹೆಂಗಸಿಗೇಕೆ ಮರಗೆಲಸ ಎಂದು ಮೂಗು ಮುರಿದವರ ಕಣ್ಣೆದುರೇ ಕೆಲಸ ಕಲಿತಳು.

ಅವಳ ರೀತಿಯೇ ಬೇರೆ. ಗಿರಾಕಿಯನ್ನು ಮೊದಲು ಹಸಿ ಮರಳು ತುಂಬಿದ ಅಗಲ ತಟ್ಟೆಯ ಮೇಲೆ ಕೂರಿಸುವಳು. ಎಂಥ ಠೀವಿಯ ಮನುಷ್ಯನೂ ಅಲ್ಲಿ ನಾಚಿಕೊಳ್ಳಲೇಬೇಕು. ಅವನು ಎದ್ದ ಮೇಲೆ ಮರಳಲ್ಲಿ ಉಳಿದ ಅಚ್ಚನ್ನು ಬೆರಳಲ್ಲಿ ಅಳೆದು, ಅದರಂತೆ ಮರ ತೋಡುವಳು.

ಒಮ್ಮೆ ನಾನು ಶಾಲೆಯ ಪುಸ್ತಕದಿಂದ 'ನಿಮ್ನ' ಎಂಬ ಪದ ಹೊತ್ತು ತಂದೆ. ಒಳಕ್ಕೆ ಬಾಗಿದ್ದು ಎಂದರ್ಥ, ನಿನ್ನ ಗುಳಿಗೂ ಅದೇ ಹೆಸರು ಎಂದೆ.

"ಯಾರಿಗೋಸ್ಕರ ಬಾಗಿದೆ ಅಂತ ಬರೆದಿದಾರಾ?"

"ಇಲ್ಲ."

"ಹಾಗಾದ್ರೆ ಅರ್ಧ ಅರ್ಥ ಬರೆದು ಬಿಟ್ಟಿದಾರೆ," ಎಂದು ಉಳಿ ಮಸೆಯತೊಡಗಿದಳು.

ಅಂಗಡಿಯ ಯಜಮಾನ ನನ್ನ ಅಪ್ಪ. ಹಲಗೆ ಕೊಯ್ಯುವ ಯಂತ್ರ ಬಂದದ್ದೇ ತಡ, ಅಪ್ಪನಿಗೆ ಚಪ್ಪಟೆ ಸ್ಟೂಲಿನ ಹುಚ್ಚು ಹಿಡಿಯಿತು.

"ನೋಡಮ್ಮ, ಇನ್ಮೇಲೆ ಗುಳಿ ಬೇಡ. ನೀನು ಒಂದು ತೋಡೋ ಹೊತ್ತಿಗೆ ಮಿಷಿನ್ನು ರಾಶಿ ಹಾಕತ್ತೆ. ನೀನು ಪಾಲಿಶ್ ನೋಡ್ಕೋ."

ಪಾಲಿಶ್ ಎಂದರೆ ಹಿಂದಿನ ಕತ್ತಲೆ ಮೂಲೆ. ಅವಳ ಕೈಯಿಂದ ಉಳಿ ಕಿತ್ತುಕೊಂಡ ಹಾಗೆಯೇ. ನನಗೆ ಮೈಯೆಲ್ಲ ಉರಿಯಿತು.

ಚಿಕ್ಕಮ್ಮ ಮಾತ್ರ ಮೆಲ್ಲಗೆ, "ಬಾವ, ಸ್ವಲ್ಪ ಏಳಿ," ಎಂದಳು.

ಅಪ್ಪ ಎದ್ದ. ಅವನ ಅಚ್ಚಿಗೇ ತೋಡಿದ ಸ್ಟೂಲು ಅದು, ವರ್ಷಗಟ್ಟಲೆ ಕೂತದ್ದು. ಅದನ್ನು ಎತ್ತಿಕೊಂಡು ತನ್ನ ಜಾಗಕ್ಕೆ ಒಯ್ದು, ಯಂತ್ರದ ಚಪ್ಪಟೆಯದೊಂದನ್ನು ಅವನ ಮುಂದೆ ಇಟ್ಟಳು.

"ಅಂಗಡೀಲಿ ಗುಳಿ ಬೇಡ ಅಂದ್ರೆ ಯಾರಿಗೂ ಬೇಡ. ಯಜಮಾನ್ರಿಗೂ."

"ಸೊಕ್ಕು ನೋಡು," ಎಂದು ಅಪ್ಪ ಗೊಣಗಿದ. ಅವಳು ಪಾಲಿಶ್ ಡಬ್ಬ ಮುಟ್ಟಲಿಲ್ಲ. ಅಪ್ಪನೂ ಹಟಕ್ಕೆ ಬಿದ್ದು ಚಪ್ಪಟೆಯ ಮೇಲೇ ಕೂತ. ಆ ಕಡೆ ವಾಲಿದ, ಈ ಕಡೆ ವಾಲಿದ, ಕೊನೆಗೆ ಗಿರಾಕಿಗಳ ಜೊತೆ ನಿಂತೇ ಮಾತಾಡತೊಡಗಿದ. ಅಮ್ಮ ಕನಿಕರಪಟ್ಟು ದಿಂಬು ಕಳಿಸಿದಳು. ಅದನ್ನು ಕಂಡು ಚಿಕ್ಕಮ್ಮ ಕಿಸಕ್ಕೆಂದಳು. ದಿಂಬು ಮನೆಗೆ ವಾಪಸ್ಸಾಯಿತು.

ಒಂದು ಬೆಳಿಗ್ಗೆ ಅಪ್ಪ ಅವಳೆದುರು ಬಂದು ನಿಂತ. "ನನ್ನ ಸ್ಟೂಲು ಕೊಡಮ್ಮ."

"ಅದು ಹಳೇ ಅಚ್ಚು. ಈಗ ನೀವು ದಪ್ಪ ಆಗಿದೀರ," ಎಂದು ಮರಳಿನ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. "ಎಲ್ಲರ ಹಾಗೆ ಕೂತು ಏಳಿ."

ಕೆಲಸದವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಅಪ್ಪ ಕೂತ, ಎದ್ದ. ಹಿಂಬದಿಗೆ ಮೆತ್ತಿದ ಮರಳನ್ನು ಕೊಡವಿಕೊಳ್ಳುವುದನ್ನೂ ಮರೆತು ನಿಂತ.

ಚಿಕ್ಕಮ್ಮ ತಲೆ ಎತ್ತದೆ ಅಚ್ಚಿಗೆ ಬೆರಳಿಟ್ಟಳು.

"ಪಾಲಿಶ್‌ಗೆ ಬೇರೆಯವರನ್ನ ನೋಡ್ಕೊಳ್ಳಿ, ಬಾವ."