ಹಾವಿನ ಮದ್ದು ನಕ್ಷೆಯಲ್ಲಿತ್ತಂತೆ

ಹೋದ ವರ್ಷ ಶ್ರಾವಣದ ಮೊದಲ ಸೋಮವಾರ. ತುರುವೇಕೆರೆ ತಾಲೂಕಿನ ನಮ್ಮ ಮನೆಯಲ್ಲಿ ಎಲ್ಲರಿಗೂ ತಲೆಗೆ ಎರೆದುಕೊಳ್ಳಲು ನೀರು ಕಾಯಬೇಕಿತ್ತು. ನಮ್ಮ ಕಡೆ ನೀರೊಲೆಗೆ ಸೌದೆ ಯಾರು ಹಾಕ್ತಾರೆ, ತೆಂಗಿನಕಾಯಿ ಸುಲಿದ ಮಟ್ಟೆ ಹಿತ್ತಿಲಲ್ಲಿ ರಾಶಿ ಬಿದ್ದಿರುತ್ತದೆ. ನನ್ನ ಓರಗಿತ್ತಿ ಗೌರಿ ಎಂದಿನಂತೆ ನೋಡದೆ ರಾಶಿಯೊಳಗೆ ಕೈ ಹಾಕಿ ಮಟ್ಟೆ ಎಳೆದಳು. ನಾವೆಲ್ಲ ಎಳೆಯುವುದೇ ಹಾಗೆ. ಒಳಗಿದ್ದ ಕೊಳಕುಮಂಡಲದ ಹಾವು ಬಲಗೈಗೆ ಕಚ್ಚಿತು.

"ಅಕ್ಕ, ಕೈ ಉರೀತೈತೆ ಕಣಕ್ಕ" ಅಂತ ಬಂದವಳ ಕೈ ನೋಡುನೋಡುತ್ತಲೇ ಊದಿಕೊಂಡಿತು. ನನ್ನ ಗಂಡ ಕಾರು ತೆಗೆದರು. ಹಾವಿನ ಇಂಜೆಕ್ಷನ್ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ ಅಂತ ಗೊತ್ತಿತ್ತು. ಆದರೆ ನನಗೆ ಧೈರ್ಯ. ಸ್ವಲ್ಪ ದಿನದ ಹಿಂದೆ ಸರ್ಕಾರದ ಹೊಸ ಆಸ್ಪತ್ರೆ ನಕ್ಷೆ ತೋರಿಸಲು ಊರಿಗೆ ಬಂದಿದ್ದ ಅಧಿಕಾರಿಯೊಬ್ಬ, "ಯಾವ ಆಸ್ಪತ್ರೆಯಲ್ಲಿ ಯಾವ ಔಷಧಿ ಇದೆ, ಎಲ್ಲ ಈ ನಕ್ಷೆಯಲ್ಲಿದೆ. ಮೊಬೈಲಲ್ಲೇ ನೋಡ್ಕೊಳ್ಳಿ" ಅಂತ ಜಂಬದಿಂದ ಹೇಳಿ ಹೋಗಿದ್ದ.

ಗೌರಿಯನ್ನು ಒರಗಿಸಿಕೊಂಡು ನಕ್ಷೆ ತೆಗೆದೆ. "ಹಾವಿನ ಔಷಧಿ" ಅಂತ ಬರೆದೆ. ಏನೂ ಸಿಗಲಿಲ್ಲ ಅಂತ ಬಂತು. "ಹಾವು ಕಚ್ಚಿದೆ" ಅಂತ ಬರೆದೆ. ಅದಕ್ಕೂ ಇಲ್ಲ. ಇಂಗ್ಲಿಷಲ್ಲಿ ಬರೆದರೆ ಪದರ ಆರಿಸಿ ಅಂದಿತು. ಯಾವ ಪದರವೋ, ಅದರ ತಲೆ. ಅಷ್ಟರಲ್ಲಿ ದಾರಿ ಎರಡಾಗುವ ಜಾಗ ಬಂತು.

"ಎತ್ತಗೆ ತಿರುಗಿಸ್ಲಿ?" ಅಂದರು ಗಂಡ. ಗೌರಿಯ ಒಸಡಲ್ಲಿ ರಕ್ತ ಕಾಣಿಸುತ್ತಿತ್ತು. "ತಿಪಟೂರಿನ ದೊಡ್ಡಾಸ್ಪತ್ರೆಗೇ ನಡೀರಿ" ಅಂದುಬಿಟ್ಟೆ.

ಜೀವ ಉಳಿಯಿತು. ಎರಡು ಬೆರಳು ಉಳಿಯಲಿಲ್ಲ. "ಆ ಇನ್ನೊಂದು ದಾರೀಲಿ ಹತ್ತಿರದಲ್ಲೇ ಇರೋ ಆಸ್ಪತ್ರೇಲಿ ಇಂಜೆಕ್ಷನ್ ಇತ್ತಲ್ಲಮ್ಮ, ಅಲ್ಲಿಗೆ ಹೋಗಿದ್ರೆ ಕೈ ಇಷ್ಟು ಕೆಡ್ತಿರಲಿಲ್ಲ" ಅಂದರು ಡಾಕ್ಟರು.

ಗೌರಿ ಮನೆಗೆ ಬಂದ ಮೇಲೆ ನಾನು ಆ ನಕ್ಷೆಯ ಕಚೇರಿಗೆ ಹೋದೆ. ಅದೇ ಅಧಿಕಾರಿ ಕೂತಿದ್ದ. "ಆ ಮಾಹಿತಿ ನಕ್ಷೆಯಲ್ಲಿತ್ತು ಮೇಡಂ. ಊರು, ಆಸ್ಪತ್ರೆ, ಔಷಧಿ ಮೂರಕ್ಕೂ ಸಂಬಂಧ ಜೋಡಿಸಿದ್ದೀವಿ. ಪ್ರಶ್ನೇನ ಕಂಪ್ಯೂಟರ್ ಭಾಷೆಯಲ್ಲಿ ಬರೀಬೇಕು, ನಿಮಗೆ ಹುಡುಕೋಕೆ ಬರ್ಲಿಲ್ಲ ಅಷ್ಟೆ" ಅಂದ.

ಮೈಯೆಲ್ಲ ಉರಿದುಹೋಯಿತು. "ಹಾವು ಕಚ್ಚಿದೋರು ಆ ಭಾಷೆ ಕಲ್ತು ಬರ್ಬೇಕೇನ್ರೀ? ನಿಮ್ಮನೆಯವರಿಗೆ ಕಚ್ಚಿದ್ರೆ ಅವರು ಏನಂತ ಬರೀತಾರೋ ಹಂಗೇ ಬರೆದು ಹುಡುಕಿ ನೋಡಾಣ" ಅಂದೆ. ಬರೆದ. ಅವನಿಗೂ ಏನೂ ಸಿಗಲಿಲ್ಲ. "ಜನಸಾಮಾನ್ಯರು ಹುಡುಕೋ ವ್ಯವಸ್ಥೆ ಮುಂದಿನ ಹಂತದಲ್ಲಿ ಮಾಡ್ತೀವಿ" ಅಂದ.

"ಹಂಗಾದ್ರೆ ಈ ಹಂತ ಯಾರಿಗೋಸ್ಕರ ಮಾಡಿದ್ರಿ?" ಅಂತ ಕೇಳಿದೆ. ಕಂಪ್ಯೂಟರ್ ಕಡೆ ತಿರುಗಿ ತಾನು ಬರೆದಿದ್ದನ್ನು ಅಳಿಸಿದ.

ಗೌರಿಗೆ ಈಗ ಮುದ್ದೆ ಕಟ್ಟಲು ಆಗುವುದಿಲ್ಲ, ನಾನೇ ಕಟ್ಟುತ್ತೇನೆ. "ನಿನ್ನ ಮುದ್ದೇಲಿ ಬರೀ ಗಂಟು ಕಣಕ್ಕ" ಅಂತ ಅವಳು ನಗುತ್ತಾಳೆ. ನನಗೆ ನಗು ಬರುವುದಿಲ್ಲ. ಅವತ್ತು ನಾನು ಕೇಳಿದ್ದು ಎತ್ತ ಹೋಗಬೇಕು ಅನ್ನುವುದೊಂದನ್ನೇ. ಆ ನಕ್ಷೆಯವರ ಹತ್ತಿರ ಉತ್ತರವೇ ಇಲ್ಲದಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇತ್ತು.