ಮಾವನ ಮನೆಗೆ ಎರಡು ಒಣಕಾಯಿ

ಸಮುದ್ರದ ಪಕ್ಕದಲ್ಲಿ ಹುಟ್ಟಿದವರಿಗೆ ಈಜು ತಾನಾಗಿಯೇ ಬರುತ್ತದೆ ಎಂದು ಘಟ್ಟದ ಮೇಲಿನವರು ನಂಬಿದ್ದಾರೆ. ಅವರ ಈ ನಂಬಿಕೆಯನ್ನು ಒಡೆಯಲು ನನಗೆ ಯಾವತ್ತೂ ಮನಸ್ಸಾಗಲಿಲ್ಲ. ನಾನು ಹುಟ್ಟಿದ್ದು ಭಟ್ಕಳದಲ್ಲಿ, ನೌಕರಿ ಕುಮಟೆಯಲ್ಲಿ, ಹೆಣ್ಣು ತಂದದ್ದು ಹೊನ್ನಾವರದ ಕಡೆಯಿಂದ. ಇಂಥವನನ್ನು ನೋಡಿ ಹುಬ್ಬಳ್ಳಿಯ ನೆಂಟರು “ನಿಮಗೇನ್ರಿ, ನೀರಾಗ ಹುಟ್ಟಿದ ಮಂದಿ” ಎಂದರೆ ನಾನು ಮುಗುಳ್ನಕ್ಕು ಸುಮ್ಮನಾಗುತ್ತೇನೆ. ಅದನ್ನು ಅವರು ವಿನಯ ಎಂದು ತಿಳಿಯುತ್ತಾರೆ. ನಿಮ್ಮ ಹತ್ತಿರ ಮುಚ್ಚಿಡುವುದೇನು? ನನಗೆ ಈಜು ಬರುವುದಿಲ್ಲ. ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಸಮುದ್ರವನ್ನು ಕಂಡರೆ ನನಗೆ ಹೆದರಿಕೆ, ಮತ್ತು ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ. ಭೂಮಿಯ ಮುಕ್ಕಾಲು ಭಾಗ ನೀರು ಎಂದು ಪ್ರತಿ ಜೂನ್ ತಿಂಗಳಲ್ಲಿ ಬೋರ್ಡಿನ ಮೇಲೆ ಬರೆಯುವಾಗ ಉಳಿದ ಕಾಲು ಭಾಗದ ಬಗ್ಗೆ ನನ್ನ ಅಭಿಮಾನ ಉಕ್ಕಿ ಬರುತ್ತದೆ.

ನೆಂಟರು ಬಂದಾಗ ಅವರನ್ನು ಕುಮಟೆಯ ಸಮುದ್ರದಂಡೆಗೆ ಕರೆದುಕೊಂಡು ಹೋಗದೆ ಗತಿಯಿಲ್ಲ. ಅವರು ಪ್ಯಾಂಟು ಮಡಚಿಕೊಂಡು, ಸೀರೆ ಎತ್ತಿ ಕಟ್ಟಿಕೊಂಡು, ಹೋ ಎಂದು ಕೂಗುತ್ತ ನೀರಿಗೆ ಓಡುತ್ತಾರೆ. ನಾನು ದಂಡೆಯಲ್ಲಿ ಅವರ ಚಪ್ಪಲಿ ಕಾಯುತ್ತ ಕೂರುತ್ತೇನೆ. ಹಾಗೆ ನೋಡಿದರೆ ಇಡೀ ಕರಾವಳಿಯಲ್ಲಿ ನನ್ನಷ್ಟು ನಿಷ್ಠೆಯಿಂದ ಚಪ್ಪಲಿ ಕಾಯ್ದವರು ಇರಲಿಕ್ಕಿಲ್ಲ. “ಬರ್ರಿ ಸರ” ಎಂದು ಯಾರಾದರೂ ಕೈ ಬೀಸಿದರೆ “ನಮಗೆ ಇದು ದಿನಾ ಇದ್ದದ್ದೇ” ಎನ್ನುತ್ತೇನೆ. ದಿನಾ ಇದ್ದದ್ದು ನಿಜ, ಸಮುದ್ರ ದಿನಾ ಅಲ್ಲೇ ಇರುತ್ತದೆ. ನಾನು ದಿನಾ ಇಲ್ಲಿರುತ್ತೇನೆ. ನಮ್ಮಿಬ್ಬರ ನಡುವೆ ಸಾಕಷ್ಟು ಮರಳಿದೆ.

ಇದಕ್ಕೆ ಶಾಸ್ತ್ರದ ಆಧಾರವೂ ನನ್ನ ಬಳಿ ಇದೆ. ಪರ್ವದಿನ ಬಿಟ್ಟು ಬೇರೆ ದಿನ ಸಮುದ್ರವನ್ನು ಮುಟ್ಟಬಾರದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಆಕೆಯ ಬೇರೆ ಯಾವ ಮಾತನ್ನೂ ನಾನು ಇಷ್ಟು ಶ್ರದ್ಧೆಯಿಂದ ಪಾಲಿಸಿದ್ದಿಲ್ಲ. ಪರ್ವದಿನ ಬಂತೆಂದರೆ ನನಗೆ ಹಿಂದಿನ ಸಂಜೆಯೇ ನೆಗಡಿ ಶುರುವಾಗುತ್ತಿತ್ತು. ಇನ್ನು ಪುರಾಣವನ್ನಾದರೂ ನೋಡಿ. ಒಬ್ಬರು ಸಮುದ್ರವನ್ನು ಹಾರಿ ದಾಟಿದರು, ಒಬ್ಬರು ಸೇತುವೆ ಕಟ್ಟಿಸಿದರು, ಒಬ್ಬ ಋಷಿಯಂತೂ ಅದನ್ನು ಒಂದೇ ಬೊಗಸೆಯಲ್ಲಿ ಕುಡಿದು ಮುಗಿಸಿದ. ಈಜಿಕೊಂಡು ಹೋದವರು ಯಾರಾದರೂ ಇದ್ದಾರೆಯೇ? ಅಷ್ಟು ದೊಡ್ಡವರೇ ಬಿಟ್ಟ ಕೆಲಸಕ್ಕೆ ಸಂಬಳದ ಮಾಸ್ತರ ಕೈ ಹಾಕುವುದು ಅಧಿಕಪ್ರಸಂಗವಾದೀತು.

ಹಾಗೆಂದು ನಾನು ಪ್ರಯತ್ನವನ್ನೇ ಮಾಡಲಿಲ್ಲ ಎಂದು ತಿಳಿಯಬೇಡಿ. ನಮ್ಮಲ್ಲಿ ಈಜು ಕಲಿಸುವ ಕ್ರಮ ಒಂದಿದೆ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ ತೆಗೆದುಕೊಂಡು, ಎರಡರ ಸಿಪ್ಪೆಯನ್ನೂ ಒಂದೊಂದು ಪಟ್ಟಿಯಷ್ಟು ಎಬ್ಬಿಸಿ ಗಂಟು ಹಾಕಿ ಜೋಡಿ ಮಾಡುತ್ತಾರೆ. ಆ ಜೋಡಿಯನ್ನು ಬೆನ್ನಿಗೆ ಕಟ್ಟಿ ಹುಡುಗನನ್ನು ಕೆರೆಗೆ ದೂಡಿದರೆ ಆಯಿತು. ಹುಡುಗ ತೇಲುತ್ತಾನೆ, ತೇಲುತ್ತ ಕಲಿಯುತ್ತಾನೆ. ಭಟ್ಕಳದಲ್ಲಿ ನನ್ನ ಸೋದರಮಾವ ಹೀಗೆ ಅರ್ಧ ಕೇರಿಗೆ ಈಜು ಕಲಿಸಿದ್ದ. ನನ್ನ ಸರದಿಯಲ್ಲಿ ಮಾತ್ರ ಕಾಯಿಗಳು ಬೆನ್ನಿನಿಂದ ಜಾರಿ ಸೊಂಟದ ಕೆಳಗೆ ಹೋದವು. ಅವು ತಮ್ಮ ಧರ್ಮಕ್ಕೆ ಸರಿಯಾಗಿ ತೇಲಿದವು. ನನ್ನ ಹಿಂಭಾಗವೂ ಅವುಗಳ ಜೊತೆ ತೇಲಿತು. ತಲೆ ಮಾತ್ರ ಕೆರೆಯ ತಳದ ಪರಿಶೀಲನೆಗೆ ಹೋಯಿತು. ಮಾವ ಕಾಲು ಹಿಡಿದು ಎಳೆದು ದಂಡೆಗೆ ಹಾಕಿ, ನಾನು ಕೆಮ್ಮಿ ಮುಗಿಸುವವರೆಗೆ ಕಾದು ಕೇಳಿದ: “ಅಲ್ದಾ, ಕಾಯಿ ತೇಲ್ತದೆ. ನಿಂಗೆಂತ ಆತು?”

ಒಣಕಾಯಿಯ ಮೇಲೆ ಒಂದು ಬಗೆಯ ಭಕ್ತಿ ಅಂದಿನಿಂದ ಉಳಿದುಬಂತು. ಮನುಷ್ಯ ಕೈ ಬಿಟ್ಟರೂ ಅದು ತೇಲುವುದನ್ನು ಬಿಡುವುದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಮದುವೆಯಾಯಿತು. ಹುಡುಗಿ ನಾಗವೇಣಿ ಮಾವಿನಕುರ್ವೆಯವಳು. ಶರಾವತಿ ಸಮುದ್ರ ಸೇರುವಲ್ಲಿ, ಹೊನ್ನಾವರದ ಎದುರಿಗೇ ಇರುವ ಕುರ್ವೆ ಅದು, ಸುತ್ತಲೂ ನೀರು. ಅಂಥಲ್ಲಿಂದ ಹೆಣ್ಣು ತಂದೆಯಾ ಎಂದು ನೀವು ಕೇಳಬಹುದು. ನನ್ನ ಲೆಕ್ಕಾಚಾರ ಬೇರೆಯಿತ್ತು. ಕುರ್ವೆಯಲ್ಲಿ ಬೆಳೆದವಳಿಗೆ ಈಜು ಬಂದೇ ಬರುತ್ತದೆ. ನಾಳೆ ನೀರಿನಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ಮನೆಯಲ್ಲಿ ಒಬ್ಬರಾದರೂ ಉಪಯೋಗಕ್ಕೆ ಬಂದಾರು. ಹೆಣ್ಣು ನೋಡಲು ಹೋದಾಗ ಹಾಡು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದೆಲ್ಲ ನನ್ನ ಅಕ್ಕ ಕೇಳಿದಳು. ಕೇಳಬೇಕಾದದ್ದನ್ನು ಯಾರೂ ಕೇಳಲಿಲ್ಲ.

ಆ ದಿನಗಳಲ್ಲಿ ಹೊನ್ನಾವರದಿಂದ ಮಾವನ ಮನೆಗೆ ನಾವು ಹೋಗುತ್ತಿದ್ದುದು ಹೊಳೆ ದಾಟಿಸುವ ತಾರಿ ದೋಣಿಯಲ್ಲಿ. ಮೊದಲ ಸಲ ದಾಟಿದಾಗ ನಾನು ಕಣ್ಣು ಮುಚ್ಚಿಕೊಂಡೇ ಕೂತಿದ್ದೆ. ಅಳಿಯಂದಿರಿಗೆ ದೇವರ ಮೇಲೆ ಬಹಳ ಭಕ್ತಿ ಎಂದು ದೋಣಿಯಲ್ಲಿದ್ದವರು ಮಾತಾಡಿಕೊಂಡರು. ಎರಡನೆಯ ಸಲ ಹೋಗುವಾಗ ಉಪಾಯ ಹೊಳೆಯಿತು. ಎರಡು ಒಣಕಾಯಿಗಳನ್ನು ಸಿಪ್ಪೆ ಸಮೇತ ಜೋಡಿ ಮಾಡಿ ಕೈಚೀಲದಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡೆ. ಮಾವನ ಮನೆಗೆ ಹೋಗುವವನು ಬರಿಗೈಯಲ್ಲಿ ಹೋಗಬಾರದಲ್ಲ? ನೋಡುವವರಿಗೆ ಅದು ಕಾಣಿಕೆ, ನನಗೆ ಪ್ರಾಣ. ಅಂದಿನಿಂದ ಒಣಕಾಯಿಯಿಲ್ಲದೆ ನಾನು ಮಾವನ ಮನೆಗೆ ಹೊರಟದ್ದಿಲ್ಲ.

ತೆಂಗಿನ ಮರಗಳ ನಡುವೆಯೇ ಬದುಕುವ ಅತ್ತೆಗೆ ಇದು ಬಿಡಿಸಲಾಗದ ಒಗಟಾಯಿತು. ಅಳಿಯನೊಡನೆ ನೇರವಾಗಿ ಮಾತಾಡುವ ಪದ್ಧತಿ ಅವರಿಗಿರಲಿಲ್ಲ. ನಾನು ಜಗಲಿಯಲ್ಲಿ ಕೂತಿರುವಾಗ ಒಳಗಿನಿಂದ ನನಗೆ ಕೇಳುವಷ್ಟು ಮೆಲ್ಲಗೆ ಮಗಳನ್ನು ಕೇಳುತ್ತಿದ್ದರು: “ಅವ್ರು ಎಂತಕ್ಕೆ ಕಾಯಿ ಹೊತ್ಕಂಡು ಬರೂದೇ? ಇಲ್ಲಿ ಕಾಯಿಗೆ ಬರಗಾಲ ಬಂತಾ?” ನಾಗವೇಣಿ ಏನೋ ಹೇಳಿ ನಕ್ಕುಬಿಡುತ್ತಿದ್ದಳು. ಆದರೆ ಕೊಟ್ಟ ಚೀಲವನ್ನು ಖಾಲಿ ಕಳಿಸಬಾರದಲ್ಲ. ಅತ್ತೆ ನನ್ನ ಒಣಕಾಯಿ ಇಟ್ಟುಕೊಂಡು, ನೀರು ತುಂಬಿದ ತೂಕದ ಹಸಿಕಾಯಿ ಹಾಕಿ ಕಳಿಸುತ್ತಿದ್ದರು. ಹೋಗುವಾಗ ತೇಲುವ ಸಾಧನ, ಬರುವಾಗ ಬೇಗ ತಳ ಸೇರುವ ಸಾಧನ. ವಾಪಸು ಪ್ರಯಾಣದಲ್ಲಿ ನನ್ನ ಮುಖ ಸಪ್ಪಗಿರುವುದನ್ನು ಕಂಡು ಮಾವನ ಮನೆ ಬಿಟ್ಟು ಹೋಗಲು ಅಳಿಯನಿಗೆ ಮನಸ್ಸಿಲ್ಲ ಎಂದು ಊರವರು ಮೆಚ್ಚಿದರು.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಒಂದು ವರ್ಷ ನಾವು ದಾಟಿದ್ದು ನೂಲ ಹುಣ್ಣಿಮೆಯ ದಿನ. ಅಂದು ನೀರನ್ನು ನಂಬಿ ಬದುಕುವವರೆಲ್ಲ ಸಮುದ್ರಕ್ಕೆ ಕಾಯಿ ಬಿಡುತ್ತಾರೆ. ನನಗೆ ಅದು ತಿಳಿಯದ ವಿಷಯವಲ್ಲ, ಆದರೆ ಹೆದರಿದವನ ತಲೆಗೆ ಪಂಚಾಂಗ ಹೊಳೆಯುವುದಿಲ್ಲ. ಮಳೆಗಾಲದ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ದೋಣಿಯ ಮೂತಿಗೆ ಹೂವಿನ ಮಾಲೆ. ನಡುಹೊಳೆಗೆ ಬರುತ್ತಲೇ ದೋಣಿ ನಡೆಸುವ ತಿಮ್ಮಣ್ಣ ಕೈ ಮುಗಿದು ತನ್ನ ಕಾಯಿ ಬಿಟ್ಟ. ಮೀನು ಮಾರಿ ಮರಳುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಕಾಯಿ ಬಿಟ್ಟರು. ಆಮೇಲೆ ಎಲ್ಲರೂ ನನ್ನ ತೊಡೆಯ ಮೇಲಿನ ಚೀಲವನ್ನು ನೋಡಿದರು.

“ಎಂತ ಮಾಸ್ತರ್ರೇ? ಎಲ್ಲರ್ದೂ ಆತು, ನಿಮ್ದೂ ಬಿಡಿ” ಎಂದ ತಿಮ್ಮಣ್ಣ.

“ಆಮೇಲೆ ಬಿಡುವಾ.”

“ದಡ ಮುಟ್ಟಿದ ಮೇಲೆ ಎಂತ ಬಿಡೂದು? ಸಿಪ್ಪೆ ಸಮೇತ ಜೋಡಿ ಕಾಯಿ! ಈಗಿನ ಕಾಲದಲ್ಲಿ ಯಾರು ಇಷ್ಟು ಮಾಡ್ತ್ರು? ಬಿಡಿ, ಬಿಡಿ.”

ದೋಣಿಯವರೆಲ್ಲ ಭಕ್ತಿಯಿಂದ ನನಗಾಗಿ ಕಾಯುತ್ತಿದ್ದರು. ನಿಜ ಹೇಳಿದರೆ ಸಂಜೆಯೊಳಗೆ ಕುರ್ವೆಯ ಮನೆಮನೆಗೂ ಸುದ್ದಿ ಮುಟ್ಟಿ, ಅಳಿಯನ ಮರ್ಯಾದೆ ನೀರಿಗೆ ಬೀಳುತ್ತದೆ. ಹೇಳದಿದ್ದರೆ ಅಳಿಯನೇ ಬೀಳಬಹುದು. ಕೊನೆಗೆ ಗೆದ್ದದ್ದು ಮರ್ಯಾದೆ. ಮನುಷ್ಯರ ವಿಷಯದಲ್ಲಿ ಸಾಮಾನ್ಯವಾಗಿ ಅದೇ ಗೆಲ್ಲುತ್ತದೆ. ಜೋಡಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡು ನೀರಿಗೆ ಬಿಟ್ಟೆ. ಅವು ಒಂದಕ್ಕೊಂದು ತಾಗಿಕೊಂಡು, ಏನೂ ಆಗದವರ ಹಾಗೆ ಸಮುದ್ರದ ಕಡೆ ತೇಲುತ್ತ ಹೋದವು. ಅಷ್ಟು ಭಕ್ತಿಯಿಂದ ನಾನು ಯಾವ ದೇವರಿಗೂ ಕೈ ಮುಗಿದದ್ದಿಲ್ಲ.

ಆಗ ನಾಗವೇಣಿ ನನ್ನ ತೋಳು ಹಿಡಿದು ಕಿವಿಯಲ್ಲಿ ಕೇಳಿದಳು: “ಹೋಯ್, ಇನ್ನೆಂತ ಮಾಡೂದು?”

“ಎಂತಕ್ಕೆ ಹೆದರ್ತೆ? ನಿಂಗೆ ಈಜು ಬತ್ತಲ್ಲ?”

“ನಂಗೆಲ್ಲಿ ಬತ್ತು? ಹೆಣ್ಮಕ್ಕಳು ಹೊಳೆಗಿಳಿದ್ರೆ ಅಪ್ಪ ಕಾಲು ಮುರೀತೆ ಅಂತ ಹೇಳ್ತಿದ್ದ.”

ನನ್ನ ಲೆಕ್ಕಾಚಾರವೆಲ್ಲ ಕಾಯಿಗಳ ಹಿಂದೆಯೇ ತೇಲಿಹೋಯಿತು. ಆದರೂ ಗಂಡಸಲ್ಲವೇ, “ನಂಗೂ ಅಷ್ಟೇನೂ ಬರೂದಿಲ್ಲ” ಎಂದೆ.

“ಅದು ಮೊದ್ಲೇ ಗೊತ್ತಿತ್ತು. ಇಲ್ದಿದ್ರೆ ಕಾಯಿ ಎಂತಕ್ಕೆ ಹೊತ್ಕಂಡು ಬರೂದು?”

“ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ಯಾ?”

“ಎರಡು ತರ್ತಿದ್ರಲ್ಲಾ,” ಎಂದಳು. “ಒಂದು ನಂಗೆ ಅಂದ್ಕಂಡಿದ್ದೆ.”

ಆ ಮಾತು ಕೇಳಿ ನನಗೆ ಹೊಳೆಯ ಹೆದರಿಕೆ ಒಂದು ಕ್ಷಣ ಮರೆತೇಹೋಯಿತು. ಅಷ್ಟು ವರ್ಷ ಅವಳು ಆ ಒಂದು ಕಾಯಿಯ ಧೈರ್ಯದಲ್ಲಿ ನನ್ನ ಪಕ್ಕ ಕೂತಿದ್ದಳು. ನಾನು ಅವಳ ಈಜಿನ ಧೈರ್ಯದಲ್ಲಿ ಕೂತಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಬಂತು. ಕುರ್ವೆಯವರೆಲ್ಲ ನೋಡುತ್ತಿದ್ದಂತೆಯೇ ಅವಳ ಕೈ ಹಿಡಿದುಕೊಂಡೆ. ಈಜು ಬಾರದ ಇಬ್ಬರು ಕೈ ಹಿಡಿದುಕೊಂಡರೆ ನೀರಿನಲ್ಲಿ ಯಾವ ಪ್ರಯೋಜನವೂ ಇಲ್ಲ ಎಂಬುದು ಭೂಗೋಳದ ಮಾಸ್ತರನಿಗೆ ಗೊತ್ತು. ಆದರೂ ದಡ ಬರುವವರೆಗೆ ನಾವು ಬಿಡಲಿಲ್ಲ.

ನನಗೆ ಈಜು ಇನ್ನೂ ಬಂದಿಲ್ಲ, ಹೆದರಿಕೆಯೂ ಹೋಗಿಲ್ಲ. ಆದರೆ ಅಂದಿನಿಂದ ಅದು ನನ್ನೊಬ್ಬನದೇ ಹೆದರಿಕೆಯಲ್ಲ ಎಂಬ ಸಮಾಧಾನವಿದೆ. ಮುಂದಿನ ಸಲ ಹೋದಾಗ ಅತ್ತೆ ಚೀಲ ಬಿಚ್ಚಿ ನೋಡಿ ಒಳಗಿನಿಂದ ಕೂಗಿದರು: “ಇದೆಂತದೇ, ಈ ಸಲ ನಾಲ್ಕು ಕಾಯಿ!”

“ಎರಡು ನಂದು,” ಎಂದಳು ನಾಗವೇಣಿ.